ನಾಲ್ಕೂ ಗಾಲಿಯ ರಥಕ್ಕೆ ಸರಪಳಿ ತೊಡಿಸಿದ ಪ್ರಸಂಗ

“ಎಂಟನೇತ್ತಾ ನಪಾಸಾದ ಮಗನ, ನನಗ ಗಾಡಿ ಪಾಠಾ ಹೇಳ್ತೀಯೇನಲೇ? ನಾಲ್ಕೂ ಗಾಲಿ ಎಳಿಯೂ ಗಾಡಿ ಐತಿದು! ಸರಪಳಿ ಆನೀಗ್ ಹಾಕ್ತಾರ, ಇಲ್ಲಾ ಹುಚ್ಚಗ ಹಾಕ್ತಾರ. ತಾ ಇಲ್ಲೆ ಕೀ!”

ಎಲೈ ಕಲಿಯುಗವೇ! ಟೋಲುನಾಕಾತೋರಣಾಲಂಕೃತವೂ ಡೀಸೆಲ್‌ಧೂಮಧೂಸರಿತವೂ ಹಾರ್ನುಘೋಷಬಧಿರಿತವೂ ಆದ ಮಹಾಯುಗವೇ! ಈ ನುಡಿ ಹೊರಟ ಬಾಯಿ ಯಾರದು, ಇದು ಬಡಿದ ಎದೆ ಯಾರದು, ಇದನ್ನು ಕೇಳಿಸಿಕೊಂಡ ಕಿವಿಗಳೆಷ್ಟು ಎಂಬುದನ್ನು ನಡುಗದೆ ನುಡಿಯುವ ಶಕ್ತಿಯನ್ನು ಈ ನಾಲಗೆಗೆ ದಯಪಾಲಿಸು. ಚಳಿಗೆ ನಡುಗಿದರೆ ಅದು ಬೇರೆ ಮಾತು.

ಬಾಯಿ ಬ್ಯಾಡಗಿಯ ವಿರೂಪಾಕ್ಷಪ್ಪ ಸಾವ್ಕಾರರದು. ಕೆಂಪುಮೆಣಸಿನಕಾಯಿಚೀಲಸಹಸ್ರಾಧೀಶ್ವರರೂ ಖಾರಪುಡಿರಂಜಿತಶ್ಮಶ್ರುಗಳೂ ಆದ, ಇಡೀ ಮಾರುಕಟ್ಟೆ ಸೀನುವಾಗಲೂ ತಾವೊಬ್ಬರೇ ಸೀನದೆ ನಿಲ್ಲಬಲ್ಲ ಆ ಮಹಾಪುರುಷರದು. ಎದೆ ಅವರ ಸಾರಥಿ ಫಕ್ಕೀರೇಶನದು. ಟಯರುಪಂಕ್ಚರುವಿದ್ಯಾಪಾರಂಗತನೂ ಕ್ಲಚ್ಚುಪ್ಲೇಟುಮರ್ಮಜ್ಞನೂ ಅಷ್ಟಮತರಗತಿಪರಿತ್ಯಾಗಿಯೂ ಆದ ಆ ಇಪ್ಪತ್ತಾರರ ತರುಣನು, ಮೂರು ಚಳಿಗಾಲ ಕಾಶ್ಮೀರದಿಂದ ಸೇಬಿನ ಲಾರಿ ಇಳಿಸಿದವನು; ಹಿಮದಲ್ಲಿ ಜಾರುವ ಗಾಡಿಯೊಳಗೆ ಕೂತು ಹೆತ್ತವ್ವನ ಹೆಸರು ಕೂಗಿದವನು. ಇನ್ನು ಕಿವಿಗಳೋ, ಎಂಬತ್ತನಾಲ್ಕು. ಹಿಮಾಚಲದ ಆ ಎತ್ತರದ ಢಾಬಾದ ಅಂಗಳದಲ್ಲಿ, ದಾವಣಗೆರೆಯಿಂದ ಬಂದ ಪ್ರವಾಸಿ ಬಸ್ಸಿನ ನಲವತ್ತೆರಡು ಮಂದಿ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಹಿಂದಿಯಲ್ಲಿ ಬೈದಿದ್ದರೆ ಅರ್ಧ ಅವಮಾನವಾದರೂ ಗಾಳಿಗೆ ಹೋಗುತ್ತಿತ್ತು. ಅಚ್ಚ ಕನ್ನಡದಲ್ಲಿ ಬೈದದ್ದರಿಂದ ಒಂದು ಅಕ್ಷರವೂ ಪೋಲಾಗಲಿಲ್ಲ. ಅವಲಕ್ಕಿಯ ತುತ್ತುಗಳು ಬಾಯಿಯ ಹತ್ತಿರವೇ ನಿಂತುಬಿಟ್ಟವು.

ಫಕ್ಕೀರೇಶನು ಕೀ ಕೊಟ್ಟನು. ಐದು ಹಗಲು, ಬ್ಯಾಡಗಿಯಿಂದ ಹಿಮಾಲಯದ ಮಡಿಲಿನವರೆಗೆ, ಅವನ ಅಂಗೈ ಬೆವರಿನಲ್ಲೇ ಬೆಚ್ಚಗಿದ್ದ ಕೀ ಅದು. ಕೊಟ್ಟ ಕೈ ಖಾಲಿಯಾಯಿತು. ಇದೇ ನಲವತ್ತೆರಡು ಜನರ ಕಣ್ಣೆದುರು ಆ ಕೀ ಮರಳಿ ತನ್ನ ಕೈಗೆ ಬಾರದಿದ್ದರೆ, ಇಲ್ಲಿಂದ ಊರಿನವರೆಗೆ ತಾನು ಸಾರಥಿಯಲ್ಲ, ಹಿಂದಿನ ಸೀಟಿನ ಗಂಟುಮೂಟೆ ಎಂಬುದು ಅವನಿಗೆ ಗೊತ್ತಾಯಿತು. ಆಗ ಅವನ ಅಂತರಂಗವು ಹೀಗೆ ಗರ್ಜಿಸಿತು:

‘ಎಲೈ ಮರೀಚಮದಾಂಧನೇ! ನಿನ್ನ ಈ ಚತುಶ್ಚಕ್ರಸಮಚಾಲಿತಮಹಾರಥವು ನಾಲ್ಕೂ ಗಾಲಿಗಳಿಂದ ಏರುವುದು ದಿಟ. ಆದರೆ ನಿಲ್ಲುವಾಗ? ನಿಲ್ಲಿಸುವುದು ಇಂಜಿನ್ನಲ್ಲವೋ, ನೆಲದ ಹಿಡಿತ! ಹಿಮದ ಮೇಲೆ ಬ್ರೇಕು ಯಾವ ಸಾವ್ಕಾರನ ಮಾತನ್ನೂ ಕೇಳದೆಂಬುದನ್ನು ಅರಿಯದ ನಿನ್ನ ಅಹಂಕಾರಪರ್ವತವು ಈ ಪರ್ವತದಲ್ಲೇ ಪುಡಿಯಾಗಲಿ!’

ಬಾಯಿಂದ ಬಂದದ್ದು ಮಾತ್ರ, “ಹೂನ್ರಿ.”

ಹಿಮದಲ್ಲಿ ಜಾರದಂತೆ ಗಾಲಿಗೆ ತೊಡಿಸೋಣವೆಂದು ಫಕ್ಕೀರೇಶನು ಹೇಳಿದ್ದ ಆ ಸರಪಳಿ ಇರಲಿಲ್ಲವೆಂದಲ್ಲ. ಕೆಳಗಿನ ಚೌಕಿಯಲ್ಲಿ ಪೊಲೀಸನು “ಚೈನ್?” ಎಂದು ಕೇಳಿ ದಾರಿಗೆ ಅಡ್ಡ ನಿಂತದ್ದರಿಂದ, ಅಲ್ಲೇ ಬಾಡಿಗೆಗೆ ಒಂದು ಜೊತೆ ತಂದದ್ದಾಗಿತ್ತು. ತಂದ ಮೇಲೆ ಸಾವ್ಕಾರರು ಅದಕ್ಕೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿ, ಚೆಂಡುಹೂವಿನ ಹಾರದ ಪಕ್ಕದಲ್ಲಿ ಬಾನೆಟ್ಟಿನ ಕೊರಳಿಗೆ ತೂಗುಹಾಕಿದ್ದರು. ಪೊಲೀಸನಿಗೆ ಕಂಡರೆ ಸಾಕು, ದೇವರಿಗೆ ಕಂಡರೆ ಇನ್ನೂ ಒಳ್ಳೆಯದು ಎಂಬುದು ಅವರ ಲೆಕ್ಕ. ಕಾಲಿಗೆ ತೊಡಬೇಕಾದ ಉಕ್ಕಿನ ಗೆಜ್ಜೆಯನ್ನು ಕೊರಳಲ್ಲಿ ಧರಿಸಿ, ಆ ಶ್ವೇತರಥವು ಮದುಮಗನಂತೆ ಮೆರೆಯುತ್ತ ನಿಂತಿತ್ತು.

ಸಾವ್ಕಾರರು ರಥವನ್ನೇರಿದರು. ಪಕ್ಕದಲ್ಲಿ ಧರ್ಮಪತ್ನಿ ಸುವರ್ಣಕ್ಕ, ಎರಡು ಸ್ವೆಟರು, ಒಂದು ಕಂಬಳಿ, ಮೂರು ಮಫ್ಲರುಗಳ ಒಳಗೆಲ್ಲೋ ಇದ್ದರು. ಸಾವ್ಕಾರರು ಗಾಜು ಇಳಿಸಿ ಸಭೆಯನ್ನುದ್ದೇಶಿಸಿ ಹೀಗೆಂದರು:

“ನೋಡ್ರಪಾ ದಾವಣಗೆರಿ ಮಂದಿ! ನಾ ಮೆಣಸಿನಕಾಯಿ ಗೋಡೌನಿನ್ಯಾಗ ಹುಟ್ಟಿ ಬೆಳದಾಂವ. ಖಾರಕ್ಕ ಅಂಜಿದಾಂವಲ್ಲ, ಬರ್ಫಕ್ಕ ಅಂಜ್ತೀನೇನು? ಶೋರೂಮಿನ ಹುಡುಗ ಕಂಪ್ಯೂಟರ್‌ನ್ಯಾಗ ತೋರ್ಸ್ಯಾನ, ಈ ಗಾಡಿ ಗ್ವಾಡಿ ಹತ್ತತೈತಿ, ಗ್ವಾಡಿ!”

“ಹತ್ತಲಿ ಸ್ವಾಮಿ, ನಾವೂ ನೋಡ್ತೀವಿ,” ಎಂದರು ಬಸ್ಸಿನ ಹಿರಿಯ, ನಿವೃತ್ತ ಮೇಷ್ಟ್ರು ಕೊಟ್ರಬಸಯ್ಯನವರು, ಅವಲಕ್ಕಿ ಅಗಿಯುತ್ತ.

ಹತ್ತಿತು! ಸತ್ಯವನ್ನು ಮರೆಮಾಚಬಾರದು. ಢಾಬಾದ ಮುಂದಿನಿಂದಲೇ ಶುರುವಾಗುವ ಆ ಧವಳಗಿರಿಶಿಖರಸೋಪಾನವನ್ನು, ಆ ವಜ್ರಕಠಿನಹಿಮಫಲಕವನ್ನು ರಥವು ನಾಲ್ಕೂ ಉಗುರು ಊರಿದ ಹುಲಿಯಂತೆ ಏರಿತು. ಒಂದು ಗಾಲಿ ಜಾರಿದರೆ ಇನ್ನೊಂದು ಕಚ್ಚಿತು. ಬಸ್ಸಿನವರು “ಓಹೋ!” ಎಂದರು. ಆ ಓಹೋಕಾರವು ಸಾವ್ಕಾರರ ಕಿವಿಗೆ ಬಿದ್ದದ್ದೇ ಅನರ್ಥಕ್ಕೆ ಮೂಲ. ಹೊಗಳಿಕೆ ಕೇಳಿಸಿದ ಮೇಲೆ ನಿಂತು ಕೇಳದೆ ಹೋಗುವ ಸಾವ್ಕಾರ ಯಾವ ಯುಗದಲ್ಲಿ ಹುಟ್ಟಿದ್ದಾನೆ? ಏರಿನ ನಟ್ಟನಡುವೆ ಬ್ರೇಕು ಒತ್ತಿ, ಗಾಜಿನಿಂದ ತಲೆ ಹೊರಹಾಕಿ, “ನೋಡಿದ್ಯೇನಲೇ ನಪಾಸ?” ಎಂದು ಕೂಗಿದರು.

ಗಾಲಿಗಳು ನಿಂತವು. ಗಾಡಿ ನಿಲ್ಲಲಿಲ್ಲ.

ಮೊದಲು ಒಂದು ಗೇಣು. ಆಮೇಲೆ ಒಂದು ಮೊಳ. ಆಮೇಲೆ, ಸಿಂಹಾಸನದಿಂದ ಹಿಂದಕ್ಕೆ ಸರಿಯುವ ಸಾಮ್ರಾಟನ ಗಾಂಭೀರ್ಯದಿಂದ, ತಲೆ ಹೊರಗಿದ್ದ ಸಾವ್ಕಾರರನ್ನೂ ಮಫ್ಲರಿನೊಳಗಿದ್ದ ಸುವರ್ಣಕ್ಕನನ್ನೂ ಹೊತ್ತು, ರಥವು ಹಿಮ್ಮುಖವಾಗಿ ಇಳಿಯತೊಡಗಿತು. ಬಸ್ಸಿನವರು ತಟ್ಟೆ ಎತ್ತಿಕೊಂಡು ದಿಕ್ಕಾಪಾಲಾದರು. ತಟ್ಟೆ ಬಿಟ್ಟು ಓಡಿದವರು ಒಬ್ಬರೂ ಇಲ್ಲ. ಆ ಕೋಲಾಹಲದ ನಡುವೆ ಸುವರ್ಣಕ್ಕನ ದನಿಯೊಂದೇ ಸ್ಪಷ್ಟವಾಗಿ ಕೇಳಿಸಿತು:

“ರೀ, ನಾಲ್ಕೂ ಗಾಲಿ ಹಿಂದಕ್ಕೂ ಎಳೀತಾವೇನ್ರಿ ಇದರಾಗ?”

ರಥವು ಬಳುಕಿ, ಎಡಕ್ಕೆ ತಿರುಗಿ, ಕಂದಕದ ಅಂಚಿನಲ್ಲಿ ಹಿಮ ತೆಗೆಯುವ ಯಂತ್ರ ಒಟ್ಟಿಹೋಗಿದ್ದ ರಾಶಿಗೆ ಬೆನ್ನು ಕೊಟ್ಟು ಕೂತಿತು. ರಾಶಿಯ ಆಚೆ ಎರಡು ಮಾರು ನೆಲ. ಅದರಾಚೆ ಆಕಾಶ, ಆಕಾಶದ ತಳದಲ್ಲೆಲ್ಲೋ ನೂಲಿನಂತೆ ಒಂದು ಹೊಳೆ.

ಫಕ್ಕೀರೇಶನು ಓಡಿದನು. ಅವಮಾನ ಎದೆಯಲ್ಲಿ ಉರಿಯುತ್ತಲೇ ಇತ್ತು. ಅವನಿಗೆ ಸಾವ್ಕಾರರನ್ನು ಹಾಗೇ ಬಿಟ್ಟು ಒಂದು ಚಹಾ ಕುಡಿಯುವ ಆಸೆಯೂ ಇತ್ತು. ಆದರೆ ಒಳಗೆ ಸುವರ್ಣಕ್ಕನಿದ್ದರು. ದಾರಿಯುದ್ದಕ್ಕೂ ತಮ್ಮ ರೊಟ್ಟಿಗಂಟು ಬಿಚ್ಚಿದಾಗಲೆಲ್ಲ ಮೊದಲ ರೊಟ್ಟಿಯನ್ನು ಮುಂದಿನ ಸೀಟಿಗೆ ಚಾಚಿದವರು. ಅವರನ್ನು ಮಫ್ಲರುಸಮೇತ ಹೊರಗೆಳೆದು, ಸಾವ್ಕಾರರೂ ಕೀಸಮೇತ ಇಳಿದ ಮೇಲೆ ಎರಡು ಗಾಲಿಗೆ ಕಲ್ಲು ಕೊಟ್ಟು, ಬಾನೆಟ್ಟಿನ ಕೊರಳಿಂದ ಸರಪಳಿಯನ್ನು ಕಿತ್ತನು. ಹೂವಿನ ಹಾರ ಅದರ ಜೊತೆಗೇ ಬಂತು.

ಈಗ ಕೇಳಿರಿ ಆ ಘೋರಸಂಗ್ರಾಮವನ್ನು! ಚೀಲದಿಂದ ತೆಗೆದಾಗ ಜೊತೆಯಾಗಿದ್ದ ಸರಪಳಿ ಕೊರಳಲ್ಲಿ ತೂಗಿ ತೂಗಿ ಒಂದಕ್ಕೊಂದು ಹೆಣೆದುಕೊಂಡು, ಸಹಸ್ರಗ್ರಂಥಿಲಲೋಹಮಹೋರಗವಾಗಿ ಪರಿಣಮಿಸಿತ್ತು. ಫಕ್ಕೀರೇಶನು ಹಿಮದ ಮೇಲೆ ಮಂಡಿಯೂರಿ ಅದರ ಬಾಲ ಹಿಡಿದರೆ ಅದು ಹೆಡೆ ಅಡಗಿಸಿತು, ಹೆಡೆ ಹಿಡಿದರೆ ಬಾಲದಿಂದ ಬೆರಳು ಕಚ್ಚಿತು. ಬೆರಳುಗಳು ಮೊದಲು ಕೆಂಪಾದವು, ಆಮೇಲೆ ಬಿಳಿಯಾದವು, ಆಮೇಲೆ ಬೇರೆ ಯಾರದೋ ಬೆರಳುಗಳಾದವು. ಇತ್ತ ಪ್ರೇಕ್ಷಕರೋ ಎರಡು ಸೇನೆಗಳಾಗಿ ಒಡೆದರು.

“ಹಿಂದಿನ ಗಾಲಿಗೆ ಹಾಕಪ್ಪ! ಎತ್ತಿನ ಗಾಡಿಯಾದ್ರೂ ತೂಕ ಹಿಂದೇನೇ ಇರೋದು,” ಎಂದರು ಕೊಟ್ರಬಸಯ್ಯನವರು.

“ನಾಲ್ಕಕ್ಕೂ ಎರಡೆರಡು ಸುತ್ತು ಹಾಕಲೇ,” ಎಂದು ಸಾವ್ಕಾರರು ಆಜ್ಞಾಪಿಸಿದರು. ಗಂಡಾಂತರದಿಂದ ಪಾರಾದ ಮೂರನೇ ನಿಮಿಷಕ್ಕೇ ಅವರ ಆಜ್ಞೆಗಳು ಮರಳಿ ಬಂದಿದ್ದವು.

“ಇರೂದು ಎರಡ ಸರಪಳಿ. ಮುಂದಿನ ಗಾಲೀಗೇ ಹಾಕ್ಬೇಕ್ರಿ,” ಎಂದನು ಫಕ್ಕೀರೇಶ.

“ಯಾವ ಶಾಸ್ತ್ರದಾಗ ಐತಲೇ?”

“ಗಾಡಿ ಬುಕ್ಕಿನ್ಯಾಗ ಐತ್ರಿ. ನೀವು ಪ್ಲಾಸ್ಟಿಕ್ ಸೈತ ಹರೀದಂಗ ಡ್ಯಾಶ್‌ಬೋರ್ಡ್ ಡಬ್ಬ್ಯಾಗ ಇಟ್ಟಿದ್ರಲ್ರಿ, ಅದು; ನಾ ಬಿಚ್ಚಿ ನೋಡೀನಿ. ಇಂಗ್ಲೀಷ್ ನನಗ ಬರಂಗಿಲ್ಲ. ಚಿತ್ರ ಐತಿ. ಈ ಗಾಡೀದು ಮುಂದಿನ ಗಾಲಿ ಚಿತ್ರಕ್ಕ ಸರಪಳಿ ಹಾಕ್ಯಾರ.”

ಬಿ.ಕಾಂ. ಪದವೀಧರರಾದ ಸಾವ್ಕಾರರು ಹೊಳೆಯ ಕಡೆ ನೋಡಿದರು.

ಎರಡೂ ಗಾಲಿಗಳ ಮೇಲೆ ಸರಪಳಿಯನ್ನು ಹೊದಿಸಿ, ಕೈಯನ್ನು ಹೆಗಲವರೆಗೆ ಗಾಲಿಯ ಹಿಂದೆ ತೂರಿಸಿ, ಕಾಣದ ಕೊಂಡಿಯನ್ನು ಕಾಣದ ಕಿವಿಗೆ ಸಿಕ್ಕಿಸಿ ಅವನು ಎದ್ದನು. ಗಾಲಿಯ ಅಡಿಯಲ್ಲಿ ಸಿಕ್ಕಿದ್ದ ಭಾಗ ಮಾತ್ರ ಉಳಿಯಿತು. ಅದು ಹೊರಬರಲು ಗಾಡಿ ಅರ್ಧ ಸುತ್ತು ಮುಂದೆ ಉರುಳಬೇಕು. ನಲವತ್ತೆರಡು ಜನರ ಎದುರು ಅವನು ಕೈ ಚಾಚಿದನು.

“ಕೀ ಕೊಡ್ರಿ.”

“ನಾನ ಮುಂದ ತರ್ತೀನಿ ತಗೋ. ಅರ್ಧ ಗಾಲಿ ಏನ್ ಮಹಾ!”

“ನೀವು ಕುಂತ್ರ ನಾ ಇಲ್ಲಿಂದನ ದಾವಣಗೆರಿ ಬಸ್ ಹತ್ತತೀನಿ,” ಎಂದರು ಸುವರ್ಣಕ್ಕ, ಮಫ್ಲರಿನೊಳಗಿಂದ.

ಸಾವ್ಕಾರರು ಕೀಯನ್ನು ಮುಷ್ಟಿಯೊಳಗೆ ಬಚ್ಚಿಟ್ಟು, ಯಾರಿಗೂ ಕಾಣದಂತೆ ಕೊಡಲು ನೋಡಿದರು. ಫಕ್ಕೀರೇಶನು ಅಂಗೈ ಬಿಚ್ಚಿ ಕಾದನು. ಹಾಡುಹಗಲಿತ್ತು, ನೋಡುವ ಕಣ್ಣುಗಳಿದ್ದವು. ಬೇರೆ ದಾರಿ ಕಾಣದೆ ಸಾವ್ಕಾರರು ಮುಷ್ಟಿ ಬಿಚ್ಚಿದರು. “ಬಂತು ನೋಡ್ರಿ ಕೈಗೆ!” ಎಂದು ಬಸ್ಸಿನಿಂದ ಯಾರೋ ಹೆಂಗಸು ಕೂಗಿದಳು.

ಅರ್ಧ ಸುತ್ತು ಉರುಳಿಸಿ, ಕೊಂಡಿ ಬಿಗಿದು, ಎಳೆದು, ಮತ್ತೆ ಬಿಗಿದು, ಆ ಶೃಂಖಲಾಬಂಧನಧುರೀಣನು ರಥವನ್ನೇರಿದನು. ಓ ದಿಕ್ಪಾಲಕರೇ, ಕಿವಿಗೊಡಿರಿ! ಖಣಖಣ, ಖಣಖಣವೆಂದು ಸಾವಿರ ಕತ್ತಿಗಳು ಒಮ್ಮೆಗೇ ಮಸೆದಂತೆ ಸರಪಳಿ ಹಿಮವನ್ನು ಕಡಿಯಿತು. ಹಿಮಚೂರ್ಣವು ಎರಡೂ ಪಕ್ಕದಲ್ಲಿ ಚಾಮರದಂತೆ ಚಿಮ್ಮಿತು. ರಥವು ಜಾರದೆ, ಬಳುಕದೆ, ಏರಿನ ನಡುವೆ ಸಾವ್ಕಾರರು ನಿಂತಿದ್ದ ಜಾಗವನ್ನು ದಾಟಿತು. ಅಲ್ಲಿ ಅವನು ಬೇಕೆಂದೇ ಒಮ್ಮೆ ಬ್ರೇಕು ಒತ್ತಿದನು. ನಿಂತಿತು. ಬೇರು ಬಿಟ್ಟಂತೆ ನಿಂತಿತು. ನಲವತ್ತೆರಡು ಕಂಠಗಳ ಜಯಘೋಷದ ನಡುವೆ ಫಕ್ಕೀರೇಶನು ಶಿಖರವನ್ನು ಮುಟ್ಟಿ, ಇಳಿದು, ನೋಡಿದನು.

ಶಿಖರದಾಚೆ ಕರಿ ಡಾಂಬರು. ಬಿಸಿಲಿಗೆ ಒಣಗಿ ಹೊಳೆಯುತ್ತಿತ್ತು; ಅದರ ಮೇಲೆ ಸರಪಳಿ ಬಿಚ್ಚದೆ ಗಾಡಿ ಓಡಿಸುವಂತಿಲ್ಲ. ಹವಾಯಿ ಚಪ್ಪಲಿ ತೊಟ್ಟ ಅಜ್ಜಿಯೊಬ್ಬಳು ಎರಡು ಮೇಕೆ ಹೊಡೆದುಕೊಂಡು ಹೋಗುತ್ತಿದ್ದಳು. ಐವತ್ತು ಹೆಜ್ಜೆ ಮುಂದೆ ಪೊಲೀಸರು ಬಿದಿರು ಅಡ್ಡ ಕಟ್ಟಿದ್ದರು. ಇವತ್ತು ಬೆಳಗಿನಿಂದಲೇ ಮೇಲಿನ ಕಣಿವೆದಾರಿ ಬಂದ್, ಎಲ್ಲರೂ ವಾಪಸ್. ಅವನು ಹಿಂದಿರುಗಿ ಕೆಳಗೆ ನೋಡಿದನು. ಢಾಬಾದ ಹೊಗೆ, ಬಸ್ಸು, ತಟ್ಟೆ ಹಿಡಿದ ಜನ, ಎಲ್ಲ ಒಂದು ಕಲ್ಲೆಸೆತದೊಳಗೇ ಇತ್ತು. ಆ ಧವಳಗಿರಿಶಿಖರಸೋಪಾನವು, ಹೆಚ್ಚೆಂದರೆ, ಅರವತ್ತು ಅಡಿ. ಢಾಬಾದ ನೆರಳು ಬೀಳುವಷ್ಟು ಜಾಗದಲ್ಲಿ ಮಾತ್ರ ಹಿಮ ಕರಗದೆ ಉಳಿದಿತ್ತು.

ಬಿದಿರಿನ ಬಳಿಯಿಂದ ವಾಪಸ್ ತಿರುಗಿದ, ಹಾಲಿನ ಕ್ಯಾನು ತುಂಬಿದ ಹಳೇ ವ್ಯಾನೊಂದು ಬಂದು, ದಾರಿಗೆ ಅಡ್ಡವಿದ್ದ ರಥವನ್ನು ಕಂಡು ಹಾರ್ನು ಹಾಕಿತು.

ಅಷ್ಟರಲ್ಲಿ ಸಾವ್ಕಾರರು ಏದುಸಿರು ಬಿಡುತ್ತ ಕಾಲ್ನಡಿಗೆಯಲ್ಲಿ ಹತ್ತಿ ಬಂದರು. ಹಿಂದೆ ಸುವರ್ಣಕ್ಕ, ಅವರ ಹಿಂದೆ ಸಮಸ್ತ ದಾವಣಗೆರೆ. ಸಾವ್ಕಾರರು ಬಾನೆಟ್ಟಿನ ಮೇಲೆ ಕೈಯಿಟ್ಟು, ಉಸಿರು ಹಿಡಿದು, ಸಭೆಯ ಕಡೆ ತಿರುಗಿದರು.

“ನಾ ಹೇಳಿದ್ನಿಲ್ಲೋ? ನಾಲ್ಕೂ ಗಾಲಿ ಎಳಿಯೂ ಗಾಡಿ! ಹೆಂಗ್ ಹತ್ತಿತು ನೋಡ್ರಿ! ಲೇ ನಪಾಸ, ಈಗರ ಒಪ್ಪತೀಯೋ ಇಲ್ಲೋ?”

ನಲವತ್ತೆರಡು ಜನ ಫಕ್ಕೀರೇಶನ ಬಾಯಿ ನೋಡಿದರು. ಅವನ ನಾಲಗೆಯ ತುದಿಯಲ್ಲಿ ಒಂದು ಮಹಾಭಾಷಣ ಆಯುಧಪಾಣಿಯಾಗಿ ನಿಂತಿತ್ತು. ಅವನು ಸಾವ್ಕಾರರನ್ನು ನೋಡಿದನು. ಅರವತ್ತು ಅಡಿಯನ್ನು ನೋಡಿದನು. ತನ್ನ ಬಿಳಿಚಿದ ಬೆರಳುಗಳನ್ನು ನೋಡಿದನು. ಕೀಯನ್ನು ಪ್ಯಾಂಟಿನ ಕಿಸೆಗೆ ಇಳಿಸಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಚಹಾದ ಒಲೆಯ ಕಡೆಗೆ ಇಳಿಯತೊಡಗಿದನು.

“ಲೇ ನಪಾಸ! ಎಲ್ಲಿಗ್ ಹೊಂಟಿ?”

ವ್ಯಾನು ಹಾರ್ನು ಹಾಕಿತು.

“ಫಕ್ಕೀರ್ಯಾ! ಲೇ, ಕೀ!”

ಅದರ ಹಿಂದೆ ಇನ್ನೊಂದು ವ್ಯಾನು ಬಂದು ಸೇರಿ ಹಾರ್ನು ಹಾಕಿತು. ಬಿದಿರಿನ ಬಳಿಯಿದ್ದ ಪೊಲೀಸನು ಲಾಠಿ ಎತ್ತಿಕೊಂಡು ಇತ್ತ ಹೊರಟನು.

“ಫಕ್ಕೀರೇಶಾ... ಯಪ್ಪಾ ಫಕ್ಕೀರೇಶಪ್ಪಾ! ಸರಪಳಿ ಯಾರ್ ಬಿಚ್ಚಬೇಕೋ ಮಾರಾಯಾ?”

ಸುವರ್ಣಕ್ಕ ಮಫ್ಲರಿನೊಳಗೆ ನಗುತ್ತಿರುವುದು ಭುಜಗಳಿಂದಲೇ ತಿಳಿಯುತ್ತಿತ್ತು.

“ಡ್ರೈವರ್ ಸಾಹೇಬ್ರ! ಓ ಡ್ರೈವರ್ ಸಾಹೇಬ್ರ!”

ಫಕ್ಕೀರೇಶನು ತಿರುಗಿ ನೋಡಲಿಲ್ಲ. ಏರು ಜಾರುತ್ತಿತ್ತು, ಒಂದೊಂದೇ ಹೆಜ್ಜೆ ಊರಿ, ನೋಡಿ ನೋಡಿ ಇಳಿಯುತ್ತ ಹೋದನು.