ಅವ್ವನ ಬಿಸಿಲು ಸೀನು

ಅಂದು ಬೆಳಿಗ್ಗೆಯೂ ಅವ್ವ ಸೀನಿದಳು. ನಾನು ಜತ್ತದ ಬಸ್ಸು ಹಿಡಿಯಲು ಟೊಪ್ಪಿಗೆ ಇಟ್ಟುಕೊಂಡು ಉಟಗಿಯ ನಮ್ಮ ಮನೆಯ ಹೊಸ್ತಿಲು ದಾಟುತ್ತಿದ್ದೆ. ಆಕೆ ಮೊರದಲ್ಲಿ ಕಡಲೆ ಹಿಡಿದು ಒಳಗಿನ ಕತ್ತಲೆಯಿಂದ ಅಂಗಳದ ಬಿಸಿಲಿಗೆ ಬಂದಳು. ಬಂದೊಡನೆ ಒಂದೇ ಒಂದು ಸೀನು, ಪಕ್ಕದ ಮನೆಯ ಕೋಳಿಗಳು ಬೆಚ್ಚಿಬೀಳುವಂಥದು. ಹೊರಟವನಿಗೆ ಒಂಟಿ ಸೀನು ಅಪಶಕುನ. "ಯಪ್ಪಾ, ಕುಂದ್ರು. ನೀರ ಕುಡದ ಹೋಗು," ಎಂದು ಆಕೆಯೇ ಕೂಡಿಸಿದಳು. "ನಿನ್ನ ಸೀನಿಗೆ ನನ್ನ ಬಸ್ಸು ಎಷ್ಟ ಸಲ ತಪ್ಪಬೇಕವ್ವಾ?" ಎಂದೆ. "ನನಗೇನ ಕೇಳ್ತಿ, ಬಿಸಲಿಗೆ ಕೇಳು," ಎಂದಳು. ಮರುದಿನ ಬೆಳಿಗ್ಗೆ ಅವ್ವ ಏಳಲಿಲ್ಲ.

ಆಮೇಲೆ ನಮ್ಮ ಮನೆಯಿಂದ ಹೊರಡುವವರಿಗೆ ಯಾವ ಅಡ್ಡಿಯೂ ಉಳಿಯಲಿಲ್ಲ. ಬಸ್ಸುಗಳು ಸರಿಯಾಗಿ ಸಿಗತೊಡಗಿದವು. ದುಃಖ ಮನುಷ್ಯನಿಗೆ ಏನೇನು ಹುಚ್ಚು ಹಿಡಿಸುತ್ತದೋ! ನನಗೆ ಹಿಡಿದದ್ದು ಆ ಸೀನು ಅವ್ವನಿಗೆ ಯಾರಿಂದ ಬಂದಿತ್ತು ಎಂದು ತಿಳಿಯುವ ಹುಚ್ಚು. ನನ್ನ ಅಂಗಡಿಗೆ ಜೋಳ ಕೊಳ್ಳಲು ಬರುತ್ತಿದ್ದ ಹೈಸ್ಕೂಲಿನ ವಿಜ್ಞಾನದ ಮಾಸ್ತರರ ಮುಂದೆ ಇದನ್ನು ಹೇಳಿದೆ. ಅವರು ನಗಲಿಲ್ಲ. ಪುಡಿಕೆ ಕಟ್ಟುವ ಹಾಳೆ ಎಳೆದುಕೊಂಡು ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಗೆರೆ ಹಾಕಿ ಮನೆತನದ ನಕ್ಷೆ ಬರೆಯುವುದನ್ನು ತೋರಿಸಿದರು. "ಬಿಸಲಿಗೆ ಸೀನೂದು ಮನೆತನದಾಗ ಇಳಕೋತ ಬರತೈತ್ರಿ ಸಾಹುಕಾರ್ರ. ತಾಯಿ ತಂದಿಯೊಳಗ ಒಬ್ಬರಿಗರ ಇರತೈತಿ. ಸೀನೂ ಮಂದಿ ಗುರ್ತ ಕಪ್ಪ ಮಾಡಕೋತ ಹೋಗ್ರಿ."

ಮೊದಲು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಅಂಗಳದಲ್ಲಿ ನಿಂತು ಮುಖ ಮೇಲೆತ್ತಿದರೆ ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. "ಏನ್ರಿ, ಮೋಡ ಹುಡಕ್ತೀರೇನ?" ಎಂದು ದಾರಿಹೋಕರು ಕೇಳಿದರು. ನನ್ನ ಚೌಕ ಬೆಳ್ಳಗೇ ಉಳಿಯಿತು. ಶೇಗಾಂವದಲ್ಲಿರುವ ತಂಗಿಯ ಮನೆಗೆ ಹೋದೆ. ನನ್ನನ್ನು ನೋಡಿ ಆಕೆ ಹೊರಗೆ ಓಡಿಬಂದವಳು ಮಾತಿಗೆ ಮೊದಲೇ ಸೀನಿದಳು. ಕಂಕುಳಲ್ಲಿದ್ದ ಹೆಣ್ಣುಕೂಸೂ ಸೀನಿತು. "ಅಣ್ಣಾ, ನಮ್ಮತ್ತಿ ದಿನಾ ಬೈತಾಳ, ನೀನೂ ಬೈಯಬ್ಯಾಡ," ಎಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಹಾಳೆ ಬಿಚ್ಚಿದೆ. ತಾಯಿ ಮಗಳ ಎರಡೂ ದುಂಡು ಕಪ್ಪು ಮಾಡಿದೆ.

ಹಾಳೆಯಲ್ಲಿ ಇನ್ನು ಮೇಲಕ್ಕೆ ಹೋಗಬೇಕಿತ್ತು. ಅವ್ವನನ್ನು ಹೆತ್ತಾಕೆ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ನನ್ನ ಸೋದರಮಾವ ಅಜ್ಜನ ಎರಡನೆಯ ಹೆಂಡತಿಯ ಮಗ. ಅವನನ್ನು ಕೇಳಿದೆ. "ನಮ್ಮಪ್ಪ ಹುಟ್ಟಿದ್ದ ಬಿಸಲಾಗ, ಬೆಳದದ್ದ ಬಿಸಲಾಗ. ಅಂವಗೆಲ್ಲಿ ಸೀನೋ!" ಎಂದ. ಹಾಗಾದರೆ ಸೀನು ಬಂದದ್ದು ಹೆತ್ತಾಕೆಯಿಂದಲೇ. "ಆಕಿ ಹೆಸರೇನು ಮಾವಾ?" "ಸನಮಡಿಯಾಕಿ ಅಂತಿದ್ರಪಾ ಎಲ್ಲಾರೂ."

ಸನಮಡಿಗೂ ಹೋದೆ. ಆಕೆಯ ತವರಿನಲ್ಲಿ ಹಿರಿಯರು ಯಾರೂ ಉಳಿದಿರಲಿಲ್ಲ. ಪುಣ್ಯಕ್ಕೆ, ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಳವ ಆ ವಾರ ಅಲ್ಲೇ ಇಳಿದಿದ್ದ. ಕಣ್ಣು ಮುಚ್ಚಿ ಆ ಮನೆಯ ಅಜ್ಜ, ಮುತ್ತಜ್ಜ, ಅವರಪ್ಪ ಎಂದು ತಡೆಯಿಲ್ಲದೆ ಹೇಳಿದ. ಮುತ್ತಜ್ಜ ಅವನ ಹಿರಿಯರಿಗೆ ದಾನ ಕೊಟ್ಟ ಎತ್ತಿನ ಹೆಸರನ್ನೂ ಹೇಳಿದ, ಚೆನ್ನ್ಯಾ ಅಂತೆ. "ನಮ್ಮಜ್ಜಗ ಕೊಟ್ಟ ಮಗಳ ಹೆಸರು?" ಎಂದೆ. "ಹೆಣ್ಣಮಕ್ಕಳ ಹೆಸರ ಅವರನ್ನ ಕೊಟ್ಟ ಮನಿಯವ್ರು ನೆನಪ ಇಡಬೇಕ್ರಿ. ನಾವು ಇಡಂಗಿಲ್ಲ," ಎಂದ.

ಮನೆಗೆ ಬಂದು ಹೆಂಡತಿಯ ಮುಂದೆ ಹಾಳೆ ಹರಡಿ ಹೆಳವನನ್ನು ಬಾಯಿಗೆ ಬಂದಂತೆ ಬೈದೆ. ಆಕೆ ಬಾಗಿ ನೋಡಿ, ನನ್ನ ಚೌಕದ ಪಕ್ಕದ ದುಂಡಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೀವೇನ ಬರದೀರಿ? ಜತ್ತದಾಕಿ! ನನಗ ಹೆಸರಿಲ್ಲೇನ್ರಿ?" ಪೆನ್ಸಿಲ್ ತೆಗೆದುಕೊಂಡು ಆಕೆಯ ಹೆಸರನ್ನು ಲಗುಬಗೆಯಿಂದ ಬರೆದೆ.

ಹಾಳೆಯಲ್ಲಿ ಈಗ ಬಾಕಿ ಎಲ್ಲ ತುಂಬಿದೆ. ಅವ್ವನನ್ನು ಹೆತ್ತಾಕೆಯ ಹೆಸರು ಇನ್ನೂ ಸಿಕ್ಕಿಲ್ಲ.