ಬಿಸಿ ಒಗ್ಗರಣೆ, ಹಸಿ ಸೊಪ್ಪು

ಆ ಶನಿವಾರ ಬೆಳಿಗ್ಗೆ ನಮ್ಮೂರ ಆಂಜನೇಯ ಹುಚ್ಚರಾಯಸ್ವಾಮಿಯ ಪಟಕ್ಕೆ ದೀಪ ಹಚ್ಚಿ, ಕೈಮುಗಿದು, ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: "ಸ್ವಾಮೀ, ಇಂದಿನಿಂದ ಈ ಮನೆಯಲ್ಲಿ ಒಂದೇ ಒಂದು ಎಲೆ ಸೊಪ್ಪೂ ಕುದಿಯುವ ನೀರಿಗೆ ಬಿದ್ದು ಪ್ರಾಣ ಬಿಡುವುದಿಲ್ಲ!"

ಹಿಂದಿನ ಕಾಲದ ರಾಜರು ದಂಡಯಾತ್ರೆಗೆ ಹೊರಡುವ ಮುನ್ನ ಹೀಗೇ ಶಪಥ ಮಾಡುತ್ತಿದ್ದರಂತೆ. ಅವರ ಹಿಂದೆ ಸೈನ್ಯವಿರುತ್ತಿತ್ತು. ನನ್ನ ಹಿಂದೆ ಇದ್ದದ್ದು ಒಂದು ಬಾಣಲೆ!

ಇದಕ್ಕೆಲ್ಲ ಕಾರಣ ಫೋನು. ನನ್ನ ಶಾಲೆ ಸೊರಬದಲ್ಲಿ ಏಳನೇ ಕ್ಲಾಸಿಗೇ ಮುಗಿದಿತ್ತು. ಆಮೇಲಿನದ್ದನ್ನೆಲ್ಲ ಕಡಲೆಕಾಯಿ ಕಟ್ಟಿಕೊಟ್ಟ ಪೇಪರಿನಿಂದಲೂ, ಸ್ತೋತ್ರದ ಪುಸ್ತಕದಿಂದಲೂ, ಈಚೆಗೆ ಫೋನಿನಿಂದಲೂ ನಾನೇ ಕಲಿತೆ. ಅದರಲ್ಲಿ ಒಬ್ಬಳು ಹೆಣ್ಣುಮಗಳು ಹಸಿ ಸೊಪ್ಪನ್ನು ಬಟ್ಟಲಿಗೆ ಹಾಕಿ, ಅದರ ಮೇಲೆ ಬಿಸಿಬಿಸಿ ಎಣ್ಣೆ-ಹುಳಿಯ ರಸ ಸುರಿದು, "ಇದೇ ಸಲಾಡ್!" ಎಂದಳು. ಅಷ್ಟಕ್ಕೇ ನಾನು ಮರುಳಾಗುತ್ತಿರಲಿಲ್ಲ. ಕೊನೆಗೆ ಅವಳು ಒಂದು ಮಾತು ಹೇಳಿದಳು ನೋಡಿ: "ತಿನ್ನುವವರು ಮೊದಲೇ ಬಂದು ಕೂತಿರಬೇಕು. ಆಮೇಲೆ ಸುರಿಯಬೇಕು. ಈ ಸಲಾಡ್ ಯಾರಿಗೂ ಕಾಯುವುದಿಲ್ಲ!"

ಆ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಯಾರಿಗೂ ಕಾಯದ ಅಡುಗೆ! ಅಂಥದ್ದೊಂದು ಈ ಲೋಕದಲ್ಲಿ ಇದೆಯೇ?

ನಮ್ಮ ಮನೆಯಲ್ಲಿ ಎಲ್ಲ ಅಡುಗೆಯೂ ಕಾಯುತ್ತದೆ. ನನ್ನ ಯಜಮಾನರು ಮಲ್ಲೇಶಪ್ಪನವರಿಗೆ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಪಂಪು, ಸ್ಪ್ರೇಯರ್ ರಿಪೇರಿ ಮಾಡುವ ಅಂಗಡಿ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ರಾತ್ರಿ ಊಟಕ್ಕೆ ಕೂತರೂ ಕಿವಿ ಫೋನಿನಲ್ಲಿ, ಕಣ್ಣು ಟಿವಿಯಲ್ಲಿ, ಕೈ ಮಾತ್ರ ತಟ್ಟೆಯಲ್ಲಿ. ಮಕ್ಕಳಾಗಲಿಲ್ಲ. ಹಗಲು ಮನೆ ಎಷ್ಟು ಸದ್ದಿಲ್ಲದೆ ಇರುತ್ತದೆಂದರೆ, ಫ್ರಿಜ್ ಗುಂಯ್ ಎಂದರೆ ನಾನು "ಏನು?" ಎನ್ನುತ್ತೇನೆ.

ಹಾಗೆಂದು ಜನ ಬರುವುದಿಲ್ಲ ಎಂದಲ್ಲ. ನಮ್ಮ ಓಣಿಯಲ್ಲಿ ಒಂದು ರಿವಾಜು ಇದೆ. ಅಡುಗೆ ಅರ್ಧಕ್ಕೆ ಬಂದಾಗ ಯಾರ ಮನೆಯಲ್ಲಾದರೂ ಗ್ಯಾಸ್ ಮುಗಿದರೆ, ಅವರು ಬೇಯದ ಪಾತ್ರೆ ಎತ್ತಿಕೊಂಡು ಪಕ್ಕದ ಮನೆಗೆ ನಡೆಯುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಪಾತ್ರೆ ನೋಡಿದರೆ ಸಾಕು, ಒಲೆ ಬಿಟ್ಟುಕೊಡುತ್ತಾರೆ. ಹೆಚ್ಚಿನ ಪಾತ್ರೆಗಳು ಬರುವುದು ನನ್ನ ಒಲೆಗೇ. ಯಾಕೆಂದರೆ ಸಾರು ಕುದಿಯುವಷ್ಟು ಹೊತ್ತು ಅವರ ಅತ್ತೆ, ನಾದಿನಿ, ಸೊಂಟನೋವು ಎಲ್ಲವನ್ನೂ ಕೇಳಿಸಿಕೊಳ್ಳಲು ನಾನಿರುತ್ತೇನೆ. ಸಾರು ಕುದಿಯಿತು, ಕಥೆ ಮುಗಿಯಿತು, ಪಾತ್ರೆ ಹೋಯಿತು. ಪಾತ್ರೆ ಇಟ್ಟವರಲ್ಲಿ ಒಬ್ಬರಾದರೂ "ನಿನ್ನ ಕಥೆ ಏನು ರಜನಿ?" ಎಂದು ಕೇಳಿದ್ದಿಲ್ಲ. ಕೇಳಿದ್ದರೆ ಹೇಳಲು ನನಗೂ ಏನೂ ಇರುತ್ತಿರಲಿಲ್ಲ, ಆ ಮಾತು ಬೇರೆ.

ಪ್ರತಿಜ್ಞೆ ಮುಗಿಸಿ ಯಜಮಾನರ ಮುಂದೆ ನಿಂತೆ.

"ರೀ, ಇವತ್ತು ಬುತ್ತಿ ಕಟ್ಟಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೇ ಬನ್ನಿ."

"ಯಾಕೆ? ಯಾರು ಬರ್ತಾರೆ?"

"ಯಾರೂ ಬರಲ್ಲ. ಅದಕ್ಕೇ ನೀವು ಬನ್ನಿ."

ಅವರು ಶೂ ಹಾಕಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಏನು ಮಾಡ್ತೀಯ?"

"ಸೊಪ್ಪು."

"ಸೊಪ್ಪು ತಿನ್ನಾಕೆ ಅಂಗಡಿ ಬಾಗಿಲು ಹಾಕ್ಕೊಂಡು ಬರಬೇಕೇನೇ? ನಾನೇನು ಆಡಾ?"

"ಬಿಸಿ ಇರುವಾಗಲೇ ತಿನ್ನಬೇಕು. ಒಂದು ದಿನ ಬನ್ರೀ!"

"ಆತು, ಆತು, ಬರ್ತೀನಿ," ಎಂದರು. ನಾನು ಯುದ್ಧ ಗೆದ್ದವಳಂತೆ ಚೀಲ ಹಿಡಿದು ಸಂತೆಗೆ ಹೊರಟೆ.

ಸೊಪ್ಪಿನ ಸುಂಕಲಮ್ಮ ಪಾಲಕ್, ಎಳೆ ಮೆಂತ್ಯ, ಹಕ್ಕರಿಕೆ ಕಟ್ಟುಗಳನ್ನು ನೀರು ಜಾಡಿಸಿ ಕೊಡುತ್ತಾ, "ಬ್ಯಾಳಿ ಹಾಕಿ ಮಾಡ್ತೀಯೇನವ್ವ?" ಎಂದಳು.

"ಬೇಳೆಯೂ ಇಲ್ಲ, ಬೇಯಿಸೋದೂ ಇಲ್ಲ. ಹಸಿದೇ ತಿನ್ನೋದು!" ಎಂದೆ ಗತ್ತಿನಿಂದ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದನಿ ತಗ್ಗಿಸಿದಳು. "ಶುಗರ್ರಾ?"

"ಅಲ್ಲ."

"ಹಂಗಾರೆ ಬಿಪಿ," ಎಂದು ತಾನೇ ತೀರ್ಮಾನಿಸಿ, ಮರುಕದಿಂದ ಇನ್ನೊಂದು ಕಟ್ಟು ಪುಕ್ಕಟೆ ಹಾಕಿದಳು. ನನ್ನ ಸಲಾಡ್ ಹುಟ್ಟುವ ಮೊದಲೇ ಅದಕ್ಕೊಂದು ರೋಗ ಅಂಟಿತು!

ಮಧ್ಯಾಹ್ನಕ್ಕೆ ಎಲ್ಲ ಸಿದ್ಧ. ತೊಳೆದು, ಒರೆಸಿ, ಹರಿದಿಟ್ಟ ಸೊಪ್ಪು ಬಟ್ಟಲಲ್ಲಿ ಮದುವಣಗಿತ್ತಿಯಂತೆ ಕೂತಿತ್ತು. ಶನಿವಾರವಾದ್ದರಿಂದ ಬೆಳ್ಳುಳ್ಳಿ ಬಿಟ್ಟೆ. ಶೇಂಗಾ ಎಣ್ಣೆ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ, ನಿಂಬೆರಸ ಒಲೆಯ ಪಕ್ಕ ಸಾಲಾಗಿ ನಿಂತಿದ್ದವು. ಎರಡು ತಟ್ಟೆ ಹಾಕಿದೆ. ಹೌದು, ಎರಡು. ಆಮೇಲೆ ಫೋನ್ ಮಾಡಿದೆ.

"ಹೊರಟ್ರಾ?"

"ಹೊರಟೆ."

ನಾನು ಎಣ್ಣೆ ಕಾಯಿಸಿದೆ. ಸಾಸಿವೆ ಚಟಪಟ ಎಂದಿತು. ಬಾಗಿಲು ಕಿರ್ ಎನ್ನಲಿಲ್ಲ. ಒಗ್ಗರಣೆ ಆರಿತು. ಮತ್ತೆ ಫೋನ್.

"ಎಲ್ಲಿದ್ದೀರಿ?"

"ದಾರ್ಯಾಗದೀನಿ."

ಹಿಂದೆ ಡುರ್ರ್ ಎಂದು ಪಂಪಿನ ಸದ್ದು. "ದಾರಿಯಲ್ಲಿ ಪಂಪು ಓಡ್ತಾ ಇದೆಯಾ?"

"ಕುಬಟೂರಿನೋರು ಬಂದಾರೆ ಕಣೇ. ಅಷ್ಟು ದೂರದಿಂದ ಬಂದೋರನ್ನ ಕಾಯಿಸಾಕೆ ಆಗ್ತದಾ? ಇನ್ನೇನು, ಬಂದೆ!"

ಸರಿ. ಕಾಯಿಸಬಾರದವರ ಪಟ್ಟಿಯಲ್ಲಿ ಕುಬಟೂರಿನವರು ಇದ್ದಾರೆ. ಮತ್ತೆ ಒಲೆ ಹಚ್ಚಿದೆ, ಮತ್ತೆ ಆರಿಸಿದೆ. ಮೂರನೆಯ ಸಲ ಹಚ್ಚಿದಾಗ ನನ್ನ ಕಿವಿ ಬೀದಿಯ ಸ್ಕೂಟರ್‌ಗಳ ಮೇಲಿತ್ತು, ಕಣ್ಣು ಬಾಗಿಲ ಮೇಲಿತ್ತು. ಎಣ್ಣೆಯ ಮೇಲೆ ಯಾರೂ ಇರಲಿಲ್ಲ. ಮೆಣಸಿನಕಾಯಿ ಕರ್ರಗಾಗಿ ಘಾಟು ಎದ್ದಿತು ನೋಡಿ! ಎದುರು ಮನೆಯ ಹೂವಮ್ಮ ಕೆಮ್ಮಿದರು, ಅವರ ಹಸು ಕೆಮ್ಮಿತು, ಗೋಡೆಯಾಚೆ ದರ್ಜಿ ಇನಾಯತ್ ಉಲ್ಲಾ ಸಾಹೇಬರ ಹೆಂಡತಿ ಚಾಂದ್ ಬೀ ಸೀನುತ್ತಲೇ ಕೂಗಿದಳು:

"ರಜನಕ್ಕಾ! ಯಾರ ದೃಷ್ಟಿ ತೆಗೀತಿದೀರಿ? ಇಷ್ಟು ಘಾಟು ಬಂದ್ರೆ ದೃಷ್ಟಿ ಆಗೇ ಇಲ್ಲ, ಸಾಕು ಬಿಡ್ರಿ!"

ನಿಜ. ನನ್ನ ಮೇಲೆ ಯಾರ ದೃಷ್ಟಿಯೂ ಇರಲಿಲ್ಲ. ಗಾಬರಿಯಲ್ಲಿ ಅಷ್ಟನ್ನೂ ಸೊಪ್ಪಿನ ಮೇಲೆ ಸುರಿದೆ. ಚುಂಯ್ ಎಂದಿತು. ಸಲಾಡ್ ತಯಾರು! ತಿನ್ನುವವರು?

ಒಂದು ಬಟ್ಟಲು ಸ್ವಾಮಿಯ ಮುಂದಿಟ್ಟೆ. ನಮ್ಮ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಬಂದು ಕೂತಿರುವವನು ಅವನೊಬ್ಬನೇ. ವೀಳ್ಯದೆಲೆಯ ಹಾರ ಹಾಕಿಕೊಳ್ಳುವವನಾದ್ದರಿಂದ ಹಸಿ ಎಲೆ ಅವನಿಗೆ ಹೊಸದೂ ಅಲ್ಲ. ಆದರೆ ಅವನೂ ತಿನ್ನುವುದಿಲ್ಲ, ನೋಡುತ್ತಾನೆ. ಬಟ್ಟಲಲ್ಲಿ ಪಾಲಕ್ ನಿಧಾನವಾಗಿ ತಲೆ ಬಾಗಿಸುತ್ತಿತ್ತು. ಇನ್ನೊಂದು ಬಟ್ಟಲು ಎತ್ತಿಕೊಂಡು ಚಾಂದ್ ಬೀಯ ಬಾಗಿಲಿಗೆ ಹೋದೆ. ಅವಳು "ಬನ್ರಿ ಅಕ್ಕಾ, ಕೂತು ತಿನ್ನೋಣ" ಎನ್ನುತ್ತಾಳೆ, ನಾನು "ಬೇಡ ಬೇಡ" ಎಂದು ಕೂರುತ್ತೇನೆ. ಇದು ನನ್ನ ಲೆಕ್ಕಾಚಾರ.

ಚಾಂದ್ ಬೀ ಬಟ್ಟಲೊಳಗೆ ನೋಡಿದಳು. ನನ್ನ ಮುಖ ನೋಡಿದಳು. ಘಾಟಿಗೆ ನನ್ನ ಕಣ್ಣಲ್ಲಿ ನೀರಿತ್ತು. ಅವಳು ಬಟ್ಟಲು ತೆಗೆದುಕೊಂಡು, ನನ್ನ ಕೈ ತಟ್ಟಿ, "ಇಟ್ಟು ಹೋಗ್ರಿ ಅಕ್ಕಾ. ನಾನು ನೋಡ್ಕೋತೀನಿ," ಎಂದಳು.

ನೋಡಿಕೊಳ್ಳುವುದೇ? ಇದು ತಿನ್ನುವುದಲ್ಲವೇ? ನಾನು ಗೊಂದಲದಲ್ಲೇ ಮನೆಗೆ ಬಂದು ಎರಡು ತಟ್ಟೆಯ ಮುಂದೆ ಒಬ್ಬಳೇ ಕೂತೆ.

ಸ್ವಲ್ಪ ಹೊತ್ತಿನಲ್ಲಿ ಚಾಂದ್ ಬೀಯೇ ಬಂದಳು. ಕೈಯಲ್ಲಿ ನನ್ನ ಬಟ್ಟಲು. ಬಟ್ಟಲಲ್ಲಿ ನನ್ನ ಸಲಾಡ್! ಬೇಳೆ ಸೇರಿಸಿ, ಬೇಯಿಸಿ, ಮಸೆದ, ಹಬೆಯಾಡುವ ಪಲ್ಯ!

"ಗ್ಯಾಸ್ ಖಾಲಿ ಆದ್ರೆ ಬಾಯಿಬಿಟ್ಟು ಹೇಳಬಾರದಾ ಅಕ್ಕಾ? ಪಾಪ, ಒಗ್ಗರಣೆ ಹಾಕೋ ಹೊತ್ತಿಗೇ ಹೋಗಿಬಿಡ್ತಾ? ಸೊಪ್ಪೆಲ್ಲ ಹಸಿಹಸಿ ಇತ್ತು! ರಂಜಾನ್‌ನಾಗೆ ನನ್ನ ಅನ್ನ ನಿಮ್ಮ ಒಲೆ ಮೇಲೆ ಬೇಯಲಿಲ್ವಾ? ನನ್ನ ಹತ್ರ ನಾಚ್ಕೆ ಏನು?"

"ಇದು ಸಲಾಡ್, ಹಸಿಯಾಗೇ ತಿನ್ನೋದು" ಎಂದು ಹೇಳಬೇಕಿತ್ತು. ಆದರೆ ಅವಳ ಹಣೆಯ ಮೇಲೆ ಬೆವರಿತ್ತು. ಹೊಲಿಗೆ ಬಿಟ್ಟು ನನಗಾಗಿ ಒಲೆಯ ಮುಂದೆ ನಿಂತಿದ್ದಳು. ನಾನು ಹೌದೆಂದು ತಲೆ ಆಡಿಸಿಬಿಟ್ಟೆ. ಶನಿವಾರ, ದೇವರ ದೀಪ ಇನ್ನೂ ಉರಿಯುತ್ತಿರುವಾಗ, ತಲೆಯಿಂದ ಒಂದು ಸುಳ್ಳು!

ಸುಳ್ಳಿಗೆ ನಮ್ಮ ಓಣಿಯಲ್ಲಿ ಸ್ಕೂಟರಿಗಿಂತ ವೇಗ ಜಾಸ್ತಿ. ಹೂವಮ್ಮ ಸೆರಗಿನಲ್ಲಿ ಪಾತ್ರೆ ಹಿಡಿದು ಬಂದೇ ಬಂದರು. "ಅಲ್ಲಾ ರಜನಿ, ಗ್ಯಾಸ್ ಇಲ್ಲ ಅಂತ ಹಸಿ ಸೊಪ್ಪು ತಿಂತಾ ಕೂತಿದೀಯಂತೆ? ನಾವೇನು ಸತ್ತು ಹೋಗಿದ್ವಾ? ತಗಾ, ಬಿಸಿ ಅನ್ನ."

"ನಾನು ಅಣ್ಣಾರಿಗೂ ಫೋನ್ ಹಚ್ಚಿದೀನಿ," ಎಂದಳು ಚಾಂದ್ ಬೀ.

ನಾನು ದಡಕ್ಕನೆ ಎದ್ದೆ. "ಏನಂತ?"

"ಅಣ್ಣಾ, ಗ್ಯಾಸ್ ಖಾಲಿ ಆಗಿ ಅಕ್ಕ ಅಳ್ತಾ ಕೂತಾಳೆ, ಬೇಗ ಬರ್ರಿ ಅಂತ."

ಅವಳ ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರ್! ನನ್ನ ಮೂರು ಒಗ್ಗರಣೆಗೆ ಅಲುಗದಿದ್ದ ಮನುಷ್ಯ ಹಾರಿಕೊಂಡು ಬಂದಿದ್ದರು. ಅಂಗಡಿಯಲ್ಲಿ ಚಹಾಕ್ಕೆಂದು ಇಟ್ಟಿದ್ದ ಚಿಕ್ಕ ಸಿಲಿಂಡರ್ ಅವರ ಕಾಲುಗಳ ನಡುವೆ ಇತ್ತು. ಕೈಯೆಲ್ಲ ಗ್ರೀಸು. "ಎಲ್ಲೈತೆ ಖಾಲಿ ಸಿಲಿಂಡರ್?" ಎನ್ನುತ್ತಾ ನೇರ ಅಡುಗೆಮನೆಗೆ ನುಗ್ಗಿ, ಕಟ್ಟೆಯ ಕೆಳಗಿನದ್ದನ್ನು ಎತ್ತಲು ಹೋದರು. ಅದು ಏಳಲಿಲ್ಲ. ಮತ್ತೆ ಎತ್ತಿದರು. ಸೊಂಟ ಹಿಡಿದುಕೊಂಡು ನೆಟ್ಟಗಾದರು.

"ತುಂಬಿದ ಸಿಲಿಂಡರ್ ಐತಲ್ಲೇ ಇದು!"

ಹೂವಮ್ಮ ಚಾಂದ್ ಬೀಯನ್ನು ನೋಡಿದರು. ಚಾಂದ್ ಬೀ ಪಲ್ಯವನ್ನು ನೋಡಿದಳು. ಮೂವರೂ ನನ್ನನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗಾಗಿ ಕಾದದ್ದು ಅದೇ ಮೊದಲು. ದೊಡ್ಡ ಭಾಷಣವನ್ನೇ ಮಾಡಬಹುದಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ:

"ಗ್ಯಾಸ್ ಇದೆ ಕಣ್ರೀ. ತಿನ್ನೋರು ಇರಲಿಲ್ಲ."

ಫ್ರಿಜ್ ಗುಂಯ್ ಎಂದಿತು. ಈ ಸಲ ನಾನು "ಏನು?" ಎನ್ನಲಿಲ್ಲ.

ಮೊದಲು ಕೂತವರು ಹೂವಮ್ಮ. "ನನಗೂ ಊಟ ಆಗಿಲ್ಲ, ತಟ್ಟೆ ಹಾಕು," ಎಂದರು. ಚಾಂದ್ ಬೀ ಅವರ ಪಕ್ಕ ಕೂತಳು. ಯಜಮಾನರು ಕೈ ತೊಳೆದು ಬಂದು, ಏನು ಮಾಡಬೇಕೆಂದು ತಿಳಿಯದೆ ತಂದಿದ್ದ ಸಿಲಿಂಡರಿನ ಮೇಲೇ ಕೂತರು. ಅಷ್ಟು ಎತ್ತರದಿಂದ ಬಗ್ಗಿ ತಿನ್ನಲಾಗದೆ ಕೊನೆಗೆ ನೆಲಕ್ಕಿಳಿದರು. ನಾನು ಸ್ವಾಮಿಯ ಮುಂದಿದ್ದ ಬಟ್ಟಲು ತಂದು ಅವರ ಮುಂದಿಟ್ಟೆ. ತಣ್ಣಗಾಗಿ, ಬಾಡಿ, ಎಣ್ಣೆ ಜಿಡ್ಡುಗಟ್ಟಿದ ನನ್ನ ಸಲಾಡ್.

ಅವರು ಒಂದು ಹಿಡಿ ಬಾಯಿಗಿಟ್ಟರು. ಅಗಿದರು. ಇನ್ನೂ ಅಗಿದರು. ನಮ್ಮ ಮದುವೆಯಾದ ಮೇಲೆ ನನ್ನ ಯಾವ ಅಡುಗೆಯನ್ನೂ ಅವರು ಅಷ್ಟು ಗಮನವಿಟ್ಟು ತಿಂದಿರಲಿಲ್ಲ.

"ಚೆನ್ನಾಗೈತೆ," ಎಂದರು. ನನ್ನ ಜೀವ ಅರಳಿತು. ನೀರು ಕುಡಿದು, ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿ, "ಚಾಂದ್ ಬೀ, ಇದನ್ನೂ ಒಂಚೂರು ಬೇಯಿಸಿಕೊಡ್ತೀಯೇನವ್ವಾ?" ಎಂದರು.

ಹೂವಮ್ಮ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ನಾನೂ ನಕ್ಕೆ. ಊಟ ಮುಗಿದದ್ದೇ ಕುಬಟೂರಿನವರ ಫೋನ್ ಬಂತು, ಯಜಮಾನರು ಹೊರಟರು. ಹೊಲಿಗೆಯ ನೆನಪಾಗಿ ಚಾಂದ್ ಬೀ ಹೋದಳು, ಹಸುವಿನ ನೆನಪಾಗಿ ಹೂವಮ್ಮ ಹೋದರು. ನಾಲ್ಕು ಎಂಜಲು ತಟ್ಟೆಗಳ ನಡುವೆ ನಾನುಳಿದೆ. ನಾಲ್ಕು ತಟ್ಟೆ! ತೊಳೆಯಲು ಮನಸ್ಸೇ ಬರಲಿಲ್ಲ.

ಸೋಮವಾರ ಮಧ್ಯಾಹ್ನ, ನಾನು ಸೊಪ್ಪು ಸೋಸುತ್ತಿರುವಾಗ ಯಜಮಾನರ ಫೋನ್ ಬಂತು.

"ಗ್ಯಾಸ್ ಐತಾ?"

"ಇದೆ."

"ಹ್ಞೂಂ..." ಎಂದರು. "ಬುತ್ತಿ ತಣ್ಣಗಾಗೈತೆ. ಊಟಕ್ಕೆ ಮನೆಗೇ ಬರ್ಲಾ ಅಂತ."

"ಬನ್ನಿ," ಎಂದೆ.

"ಹೊರಟೆ," ಎಂದರು. ಅವರ ಹಿಂದೆ ಪಂಪು ಡುರ್ರ್ ಎನ್ನುತ್ತಿತ್ತು.

ನಾನು ಎರಡು ತಟ್ಟೆ ಹಾಕಿದೆ. ಸೋಸಿದ ಸೊಪ್ಪನ್ನು ಒಮ್ಮೆ ನೋಡಿದೆ. ಆಮೇಲೆ ಪಾತ್ರೆಗೆ ನೀರು ಹೊಯ್ದು, ಒಲೆಯ ಮೇಲಿಟ್ಟು, ಅಷ್ಟನ್ನೂ ಅದರೊಳಗೆ ಮುಳುಗಿಸಿದೆ. ಪಟದೊಳಗಿನಿಂದ ಹುಚ್ಚರಾಯಸ್ವಾಮಿ ನನ್ನನ್ನೇ ನೋಡುತ್ತಿದ್ದ.

"ಹಾಗೆ ನೋಡಬೇಡ ಸ್ವಾಮಿ," ಎಂದೆ. "ಪ್ರತಿಜ್ಞೆ ನೆನಪಿದೆ. ಆದರೆ ಬೆಂದ ಸೊಪ್ಪಾದರೆ ಕಾಯುತ್ತದೆ."