ಟೇಲರ್ ಹೆಂಡತಿಯ ಓಟ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಕಾಲಿಗೆ ಕಟ್ಟುವ ಒಂದು ರಬ್ಬರ್ ಪಟ್ಟಿ. ಅಗಲ ಎರಡು ಬೆರಳು, ನಡುವೆ ಕೋಟಿನ ಗುಂಡಿಯಷ್ಟು ದೊಡ್ಡ ಚಿಪ್. ಅದನ್ನು ಕಟ್ಟಿಕೊಂಡವರು ಕೊನೆಯ ಗೆರೆ ದಾಟಿದ ಕೂಡಲೇ ಮೈಕಿನವನ ಮುಂದಿನ ಪರದೆಯ ಮೇಲೆ ಹೆಸರು ಮೂಡುತ್ತದೆ. ಅವನು ಅದನ್ನು ಕೆರೆಯ ಆಚೆ ದಡಕ್ಕೂ ಕೇಳುವಂತೆ ಕೂಗುತ್ತಾನೆ. ಮೊದಲು ಬಂದವರಾದರೂ ಸರಿ, ಕಟ್ಟಕಡೆಗೆ ತೆವಳಿಕೊಂಡು ಬಂದವರಾದರೂ ಸರಿ, ಕೂಗುವುದು ಮಾತ್ರ ತಪ್ಪುವುದಿಲ್ಲ.

ಬೆಳಗ್ಗೆ ಕೆರೆಯ ದಡದಲ್ಲಿ ಕೂತು ಟೇಲರ್ ಆ ಪಟ್ಟಿಯನ್ನು ಎಡಗಾಲಿಗೆ ಕಟ್ಟಿಕೊಳ್ಳುತ್ತಿದ್ದ. ಪಟ್ಟಿ ಅವನದಲ್ಲ, ಹೆಂಡತಿಯದು. ಅವಳ ಕಾಲು ಸಣ್ಣದು. ಅದಕ್ಕೇ ಒಂದು ತುಂಡು ಎಲಾಸ್ಟಿಕ್ ಸೇರಿಸಿ ಹೊಲಿದಿದ್ದ. ಅವಳು ತೀರಿಕೊಂಡು ಎಂಟು ತಿಂಗಳಾಗಿತ್ತು.

ಮಂಡಿನೋವಿಗೆ ಈಜಬೇಕು ಎಂದು ಡಾಕ್ಟರು ಹೇಳಿದ್ದೇ ನೆಪ. ನಲವತ್ತೈದು ದಾಟಿದ ಹೆಂಗಸು ನೀರಿಗಿಳಿದಳು. ನೋವು ಹೋಯಿತು, ಹುಚ್ಚು ಹಿಡಿಯಿತು. ಈಜು ಆದಮೇಲೆ ಸೈಕಲ್ಲು ಬಂತು, ಸೈಕಲ್ಲಿನ ಬೆನ್ನಿಗೆ ಓಟ ಬಂತು. ಕೊನೆಗೊಂದು ದಿನ, ಈ ಮೂರನ್ನೂ ನಡುವೆ ಕೂರದೆ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ಹೆಸರು ಕೊಟ್ಟೇ ಬಂದಳು.

"ಚಿಕ್ಕ ದೂರದ್ದು ಕಣ್ರೀ, ಗಾಬರಿ ಆಗ್ಬೇಡಿ," ಎಂದಳು.

"ಈ ವಯಸ್ಸಲ್ಲಿ ಗೆದ್ದು ಏನ್ ಮಾಡ್ತೀಯೇ?"

"ಗೆಲ್ಲೋದು ಯಾರಿಗೆ ಬೇಕು? ಗೆರೆ ದಾಟಿದ್ರೆ ಮೈಕಲ್ಲಿ ಹೆಸರು ಕೂಗ್ತಾರಂತೆ. ಈ ಕಟ್ಟಡಕ್ಕೆ ಬಂದಾಗಿಂದ ಟೇಲರ್ ಹೆಂಡ್ತಿ, ಟೇಲರ್ ಹೆಂಡ್ತಿ ಅಂತ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ನೀವಾದ್ರೂ ಒಂದಿನ ಹೆಸರು ಹಿಡ್ದು ಕರೆದಿದ್ದೀರಾ? ಇವಳೇ ಸೂಜಿ ಎಲ್ಲಿ, ಇವಳೇ ದಾರ ಎಲ್ಲಿ! ಒಂದೇ ಒಂದ್ಸಲ ನನ್ನ ಹೆಸರು ಊರಿಗೆಲ್ಲ ಕೇಳ್ಲಿ."

ಟೇಲರ್ ನಕ್ಕಿದ್ದ. ಪಾಪ, ಆಮೇಲೆ ಆ ನಗುವನ್ನು ನೆನೆದು ಎಷ್ಟು ಸಲ ಅತ್ತನೋ.

ಹೋದ ವರ್ಷದ ಸ್ಪರ್ಧೆಗೆ ಇನ್ನೇನು ವಾರವಿದೆ ಎನ್ನುವಾಗ ಅವಳು ಹಾಸಿಗೆ ಹಿಡಿದಳು. ಮುಂದಿನ ವರ್ಷ ಇದೇ ಪಟ್ಟಿ ಕಟ್ಟಿಕೊಂಡು ಇದೇ ಹೆಸರಿನಲ್ಲಿ ಬರಬಹುದು ಎಂದು ಸ್ಪರ್ಧೆಯವರು ಹೇಳಿದರು. ಮುಂದಿನ ವರ್ಷಕ್ಕೆ ಅವಳೇ ಇರಲಿಲ್ಲ. ಅವಳು ಹೋದ ದಿನ ಕಟ್ಟಡದ ಮೆಟ್ಟಿಲ ಬಳಿಯ ಕರಿಹಲಗೆಯ ಮೇಲೆ 'ಟೇಲರ್ ಅವರ ಪತ್ನಿ ನಿಧನರಾದರು' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಟೇಲರ್ ಅದನ್ನು ಓದಿಕೊಂಡು ತುಂಬ ಹೊತ್ತು ನಿಂತಿದ್ದ. ಸ್ಪರ್ಧೆಗೆ ಹೆಸರು ಅವಳದ್ದೇ ಕೊಟ್ಟಾಗಿದೆ, ಬೇಕಾದದ್ದು ಎರಡು ಕಾಲು ಮಾತ್ರ ಎಂದು ಅವನಿಗೆ ಹೊಳೆದದ್ದು ಆಗಲೇ. ಈಜು ಬರುತ್ತಿರಲಿಲ್ಲ. ಕಲಿತ.

ಯಾರಿಗೂ ಹೇಳಿರಲಿಲ್ಲ. ಆದರೆ ಆ ಕಟ್ಟಡದಲ್ಲಿ ನೆಲಮಹಡಿಯಲ್ಲಿ ಸೀನಿದರೆ ಮೂರನೆಯ ಮಹಡಿಯಿಂದ ಔಷಧಿ ಬರುತ್ತದೆ. ಪಟ್ಟಿ ಕಟ್ಟಿ ತಲೆಯೆತ್ತಿದರೆ ಎದುರಿಗೇ ನರ್ಸಮ್ಮ, ಅವಳ ಹಿಂದೆ ತಿದ್ದುಪಡಿ ಸಾಹೇಬರು.

ನರ್ಸಮ್ಮ ನಿವೃತ್ತಳಾದದ್ದು ಆಸ್ಪತ್ರೆಯಿಂದ ಮಾತ್ರ. ಕಟ್ಟಡದವರ ನಾಡಿ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಸಾಹೇಬರು ಯಾವುದೋ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಯಾರ ಕರೆಂಟ್ ಬಿಲ್ಲಿನಲ್ಲಿ, ಯಾರ ಮನೆಯ ವಿಳಾಸದಲ್ಲಿ ತಪ್ಪು ಬಿದ್ದರೂ ಅದನ್ನು ತಿದ್ದಿಸುವವರೆಗೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಬಿಡಿಗಾಸು ಮುಟ್ಟುವವರಲ್ಲ, ಬಂಗಾರದಂಥ ಮನುಷ್ಯ. ಕರಿಹಲಗೆಯ ಮೇಲಿನ ದುಂಡಗಿನ ಅಕ್ಷರವೂ ಅವರದೇ.

"ಹೇಳ್ದೆ ಕೇಳ್ದೆ ಕೆರೆ ಕಡೆ ಹೊರಟ್ರಲ್ಲ ಟೇಲರ್ರೇ! ಹೆಂಡ್ತಿ ಹೋದ ಸಂಕಟಕ್ಕೆ ಏನಾದ್ರೂ ಮಾಡ್ಕೊಂಡ್ರೋ ಅಂತ ನನ್ನ ಎದೆ ಧಸಕ್ ಅಂತು," ಎಂದಳು ನರ್ಸಮ್ಮ.

"ಇಲ್ಲಮ್ಮಾ, ಸುಮ್ನೆ... ಆರೋಗ್ಯಕ್ಕೆ."

"ಬಹಳ ಒಳ್ಳೇದು. ನಾವಿದ್ದೀವಿ, ನೀವು ನೀರಿಗಿಳೀರಿ," ಎಂದರು ಸಾಹೇಬರು, ಅವನ ಬೆನ್ನು ಸವರಿ.

ಟೇಲರ್ ನೀರಿಗಿಳಿದ. ಅವನ ಉಡುಪು ಸ್ವಂತ ಕೈಕೆಲಸ. ಹಳೆಯ ಕೊಡೆಗಳ ಕಪ್ಪು ಬಟ್ಟೆಯಲ್ಲಿ, ನೀರು ಒಳಗೆ ಹೋಗದ ಹಾಗೆ ಹೊಲಿದದ್ದು. ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ! ಜೇಬಿಲ್ಲದ ಬಟ್ಟೆ ಅವನ ಅಂಗಡಿಯಿಂದ ಇದುವರೆಗೆ ಹೊರಗೆ ಹೋಗಿದ್ದಿಲ್ಲ. ಇದಕ್ಕೂ ಎರಡು ದೊಡ್ಡ ಜೇಬು ಇಟ್ಟಿದ್ದ. ನೀರು ಒಳಗೆ ಹೋಗದ ಬಟ್ಟೆಯಲ್ಲಿ ಒಮ್ಮೆ ಹೋದ ನೀರು ಹೊರಗೂ ಬರುವುದಿಲ್ಲ ಎಂಬುದು ಅವನಿಗೆ ಕೆರೆಯ ನಡುವೆ ತಿಳಿಯಿತು. ಎರಡೂ ಜೇಬು ತುಂಬಿ ಸೊಂಟಕ್ಕೆ ಎರಡು ಕೊಡ ಕಟ್ಟಿದಂತಾಯಿತು. ಉಳಿದವರೆಲ್ಲ ದಡ ಸೇರಿ ಸೈಕಲ್ ಹತ್ತಿದರು. ಕಾವಲು ದೋಣಿಯವನು ಒಬ್ಬನೇ ಇವನ ಪಕ್ಕದಲ್ಲಿ ಹುಟ್ಟು ಹಾಕುತ್ತ ಬಂದ.

"ಸಾಕು ಹತ್ಕೊಳ್ಳಿ ಅಣ್ಣಾ, ಯಾರೂ ನಗಲ್ಲ."

"ಹತ್ತಿದ್ರೆ ಹೆಸರು ಕೂಗ್ತಾರಾ?"

"ಅದು ಕೂಗಲ್ಲ."

"ಹಾಗಾದ್ರೆ ನೀವ್ ನಡೀರಿ," ಎಂದ ಟೇಲರ್. ಬಾಯಿ ತೆರೆದದ್ದಕ್ಕೆ ಅರ್ಧ ಲೋಟ ಕೆರೆ ಕುಡಿದ.

ದಡಕ್ಕೆ ಬಂದಾಗ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದೇ ಸೈಕಲ್ ಉಳಿದಿತ್ತು. ಅದೂ ಹೆಂಡತಿಯದೇ, ಮುಂದೆ ಬುಟ್ಟಿ ಇದ್ದದ್ದು. ಆ ಬುಟ್ಟಿಗೆ ನರ್ಸಮ್ಮ ಎರಡು ಬಾಟಲಿ ನೀರು, ಒಂದು ಟವೆಲ್ಲು, ನೋವಿನ ಮುಲಾಮು, ಒಂದು ಸುರುಳಿ ಬ್ಯಾಂಡೇಜು ತುಂಬಿಸಿದ್ದಳು.

"ಇದನ್ನೆಲ್ಲ ಹೊತ್ಕೊಂಡು ತುಳಿಯೋದು ಹ್ಯಾಗಮ್ಮಾ?"

"ಬಿದ್ರೆ ಬೇಕಾಗತ್ತೆ."

ಮೊದಲನೆಯ ತಿರುವಿನಲ್ಲೇ ಬುಟ್ಟಿಯ ಭಾರಕ್ಕೆ ಹ್ಯಾಂಡಲ್ ಎಳೆದು ಬಿದ್ದ, ಬೇಕಾಯಿತು. ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಮತ್ತೆ ಹತ್ತಿದ. ಎರಡನೆಯ ಸುತ್ತಿಗೆ ಚೈನ್ ಕಳಚಿತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಹಾಕಿದ. ಕಾಲಿನ ಪಟ್ಟಿ ಇದೆಯೇ ಎಂದು ಮಾತ್ರ ಗಳಿಗೆಗೊಮ್ಮೆ ಬಗ್ಗಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮೈಕಿನವನ ಮೇಜಿನ ಮುಂದೆ ಹಾದುಹೋಗುವಾಗ ತಿದ್ದುಪಡಿ ಸಾಹೇಬರು ಪರದೆಯೊಳಕ್ಕೆ ಮೂಗು ತೂರಿಸಿ ನಿಂತದ್ದು ಕಾಣಿಸಿತು. ಮುಖ ಕೆಂಪೇರಿತ್ತು, ಬೆರಳು ಮೇಜನ್ನು ಕುಟ್ಟುತ್ತಿತ್ತು.

"ಟೇಲರ್ರೇ, ನೀವು ಯೋಚ್ನೆ ಮಾಡ್ಬೇಡಿ!" ಎಂದು ಕೂಗಿದರು. "ನಾನೆಲ್ಲ ಸರಿ ಮಾಡಿಸ್ತೀನಿ!"

ಏನು ಸರಿ ಮಾಡಿಸುತ್ತಾರೋ ಟೇಲರಿಗೆ ತಿಳಿಯಲಿಲ್ಲ. ತಿಳಿಯುವಷ್ಟು ಉಸಿರೂ ಇರಲಿಲ್ಲ. ಕೈ ಬೀಸಿ ಮುಂದೆ ಹೋದ.

ಓಟ ಶುರುವಾಗುವಾಗ ಬಿಸಿಲು ನೆತ್ತಿಗೇರಿತ್ತು. ಗೆದ್ದವರು ಪದಕ ಹಾಕಿಕೊಂಡು ಮನೆಗೆ ಹೊರಟಿದ್ದರು. ಇವನನ್ನು ನೋಡಿ ನಿಂತು ಚಪ್ಪಾಳೆ ತಟ್ಟಿದರು. ಕಾಲಿನ ಮೀನಖಂಡ ಹಿಡಿದುಕೊಂಡಿತು. ನರ್ಸಮ್ಮ ಸೀರೆ ಎತ್ತಿಕಟ್ಟಿ ಪಕ್ಕದಲ್ಲೇ ದಾಪುಗಾಲು ಹಾಕಿದಳು.

"ನಿಲ್ಸಿ ಟೇಲರ್ರೇ, ಸತ್ತೇ ಹೋಗ್ತೀರ!"

"ಇನ್ನು... ಸ್ವಲ್ಪ..."

"ಯಾರಿಗೋಸ್ಕರ ಈ ಹಟ?"

ಟೇಲರ್ ಹೆಜ್ಜೆಗೊಂದು ಸಲ ಹೆಂಡತಿಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅವಳಿದ್ದಾಗ ಒಂದು ದಿನವೂ ಕರೆಯದ ಹೆಸರು. ಎಷ್ಟು ಚೆನ್ನಾಗಿದೆ, ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎನ್ನಿಸಿ ಕಣ್ಣು ತುಂಬಿತು. ಕರೆದಿದ್ದರೆ ಗಂಟೇನು ಹೋಗುತ್ತಿತ್ತು?

ಕೊನೆಯ ಗೆರೆಯ ಹತ್ತಿರ ಕುರ್ಚಿ ಮಡಚುವವರು ಮಡಚುತ್ತಿದ್ದರು. ಮೈಕಿನವನು ಇನ್ನೂ ಇದ್ದ. ಟೇಲರ್ ಎಡಗಾಲನ್ನೇ ಮುಂದಿಟ್ಟು ಗೆರೆ ದಾಟಿ, ಕಣ್ಣು ಮುಚ್ಚಿ, ಕಿವಿ ತೆರೆದು ನಿಂತ.

ಮೈಕು ಕೂಗಿತು. ಕೆರೆಯ ಆಚೆ ದಡಕ್ಕೂ ಕೇಳಿಸಿತು. ಅಪ್ಪನ ಹೆಸರಿನ ಅಕ್ಷರವನ್ನೂ ಬಿಡದೆ, ಸ್ಪಷ್ಟವಾಗಿ, ಗೌರವದಿಂದ ಕೂಗಿತು. ಕೂಗಿದ್ದು ಅವನ ಹೆಸರನ್ನು.

ಟೇಲರ್ ಅಲ್ಲೇ ಕುಸಿದು ಕೂತ. ಸಾಹೇಬರು ಓಡೋಡಿ ಬಂದರು. ಮುಖದಲ್ಲಿ ಗೆದ್ದ ಕಳೆ.

"ಕೇಳಿಸ್ತಾ? ಕೇಳಿಸ್ತೇನ್ರೀ? ನಿಮ್ಮ ನಂಬರಿಗೆ ಯಾವುದೋ ಹೆಂಗಸಿನ ಹೆಸರು ಹಾಕ್ಬಿಟ್ಟಿದ್ರು! ಯಾರೋ ಏನೋ. ನಮ್ಮ ಕಟ್ಟಡದಲ್ಲೇ ಅಂಥ ಹೆಸರಿನೋರು ಇಲ್ಲ, ಇವರು ನಮ್ಮ ಟೇಲರ್ರು ಅಂತ ಜಗಳ ಆಡಿ, ಹೊಡೆದು ಹಾಕಿಸಿ, ನಿಮ್ಮದು ಹಾಕಿಸ್ದೆ. ಇಲ್ದಿದ್ರೆ ಇಷ್ಟು ಕಷ್ಟಪಟ್ಟು ಓಡಿದ್ದು ನೀವು, ಹೆಸರು ಇನ್ಯಾರಿಗೋ!"

ಟೇಲರ್ ತಲೆ ಎತ್ತಲಿಲ್ಲ. "ಅದು ನನ್ನ ಹೆಂಡ್ತಿ ಹೆಸರು ಸಾಹೇಬ್ರೇ," ಎಂದ.

ನರ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ನನ್ನ ಕರ್ಮವೇ. ದಿನಾ ಎರಡ್ಹೊತ್ತು ಇಂಜೆಕ್ಷನ್ ಕೊಟ್ಟೆನಲ್ಲ ಆ ತಾಯಿಗೆ. ಒಂದಿನಾನೂ ಹೆಸರು ಕೇಳ್ಲಿಲ್ಲ."

ಅವಳು ಯಾಕೆ ಹೆಸರು ಕೊಟ್ಟಿದ್ದಳು ಎಂಬುದನ್ನು ಟೇಲರ್ ಎರಡು ಮಾತಿನಲ್ಲಿ ಹೇಳಿದ. ಸಾಹೇಬರು ಜನ್ಮದಲ್ಲಿ ಒಂದೂ ತಪ್ಪು ತಿದ್ದುಪಡಿ ಮಾಡಿಸಿದವರಲ್ಲ.

"ತಿದ್ದಿಸ್ತೀನಿ. ಈಗ್ಲೇ ತಿದ್ದಿಸ್ತೀನಿ!" ಎಂದು ತಿರುಗಿ ಓಡಿದರು. ಆ ದಿನ ಅಷ್ಟು ಜೋರಾಗಿ ಇನ್ಯಾರೂ ಓಡಿರಲಿಲ್ಲ. ಟೇಲರ್ ಅವಳ ಹೆಸರನ್ನು ಹೇಳಿ ಕಳಿಸೋಣವೆಂದು ಬಾಯಿ ತೆರೆದ. ಒಣಗಿದ ಗಂಟಲಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ.

ಮೇಜಿನ ಮೇಲಿನ ಪರದೆ ಆರಿತ್ತು. ಮೈಕಿನವನು ತಂತಿ ಸುತ್ತಲು ಹೊರಟಿದ್ದ. ಸಾಹೇಬರು ಅವನ ಕೈಯಿಂದ ಮೈಕನ್ನು ಕಿತ್ತುಕೊಂಡರು.

"ಮಹಾಜನಗಳೇ, ಒಂದು ತಿದ್ದುಪಡಿ! ಈಗ ಗೆರೆ ದಾಟಿದವರು ಟೇಲರ್ ಅಲ್ಲ. ದಾಟಿದವರು... ಶ್ರೀಮತಿ..."

ಮೈಕು ಗುಂಯ್ ಎಂದಿತು. ಮಡಚುತ್ತಿದ್ದ ಕುರ್ಚಿಗಳು ನಿಂತವು. ಹೊರಟಿದ್ದ ಜನ ತಿರುಗಿ ನೋಡಿದರು. ತಾವೇ ಹೊಡೆದು ಹಾಕಿಸಿದ ಹೆಸರು ಸಾಹೇಬರ ನಾಲಿಗೆಗೆ ಬರಲೊಲ್ಲದು. ಕಣ್ಣಿನಲ್ಲಿ ನೀರು ಬಂತು, ಹೆಸರು ಬರಲಿಲ್ಲ. ಕೊನೆಗೆ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು:

"ನಮ್ಮ ಟೇಲರ್ ಹೆಂಡ್ತಿ!"

ಎಂಥ ಚಪ್ಪಾಳೆ ಅಂತೀರಿ! ಗೆದ್ದವರಿಗೂ ಅಂಥದ್ದು ಬಿದ್ದಿರಲಿಲ್ಲ. ನರ್ಸಮ್ಮ ಅಳುತ್ತ ತಟ್ಟಿದಳು. ದೋಣಿಯವನು ಕೆರೆಯೊಳಗಿಂದ ಹುಟ್ಟು ಎತ್ತಿ ಕೂಗಿದ. "ಟೇಲರ್ ಹೆಂಡ್ತೀ! ಟೇಲರ್ ಹೆಂಡ್ತೀ!" ಎಂದು ಗುರುತು ಪರಿಚಯವಿಲ್ಲದ ಜನವೆಲ್ಲ ಕೂಗಿ ಮನೆಗೆ ಹೋದರು. ಮೈಕಿನವನು ತಂತಿ ಕಿತ್ತ.

ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಬಂದು ಟೇಲರ್ ಪಕ್ಕ ನೆಲದ ಮೇಲೇ ಕೂತರು.

"ಈಗ ಸರಿ ಹೋಯ್ತಲ್ವೇನಪ್ಪಾ?"

ಟೇಲರ್ ಆ ಮುದುಕನ ಮುಖ ನೋಡಿದ. "ಹೋಯ್ತು ಸಾಹೇಬ್ರೇ," ಎಂದ.

ಆಮೇಲೆ ಬಗ್ಗಿ, ತಾನೇ ಹಾಕಿದ್ದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ, ಎಲಾಸ್ಟಿಕ್ ತೆಗೆದು, ಪಟ್ಟಿಯನ್ನು ಮತ್ತೆ ಅವಳ ಅಳತೆಗೆ ತಂದ. ಅದನ್ನು ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಇನ್ನೂ ಕೆರೆಯ ನೀರಿತ್ತು.